ಅಳಿಯ ಕೆಲಸ ಬಿಟ್ಟು ಫುಟ್‌ಬಾಲ್ ಕೋಚ್ ಆಗುತ್ತಾನಂತೆ, ಒಪ್ಪಲೇ?

ಪ್ರಶ್ನೆ: ನಾನು ಧಾರವಾಡದ ನಿವೃತ್ತ ಶಿಕ್ಷಕಿ. ನನ್ನ ಒಬ್ಬಳೇ ಮಗಳು ಓದಲೆಂದು ಸ್ಕಾಟ್ಲೆಂಡಿಗೆ ಹೋದವಳು ಅಲ್ಲಿಯ ಹುಡುಗನನ್ನೇ ಮದುವೆಯಾಗಿ ಆಂಗಸ್ ಎಂಬ ಕಡೆ ನೆಲೆಸಿದ್ದಾಳೆ. ಆಸ್ಪತ್ರೆಯಲ್ಲಿ ಕೆಲಸ, ಈಗ ಹೆರಿಗೆ ರಜೆ. ಅಳಿಯನಿಗೆ 33 ವರ್ಷ. ಒಂದು ಕಂಪನಿಯಲ್ಲಿ ಎಲೆಕ್ಟ್ರಿಷಿಯನ್, ಜೊತೆಗೆ ಲೀಗ್ ಟೂ ಎಂಬ ಕೆಳಗಿನ ಹಂತದಲ್ಲಿ ಫುಟ್‌ಬಾಲ್ ಆಡುತ್ತಾನೆ, ಡಿಫೆಂಡರ್. ಮೊಣಕಾಲಿಗೆ ಆಪರೇಷನ್ ಆಗಿದೆ. ಮುಂದಿನ ಸೀಸನ್‌ಗೆ ಕ್ಲಬ್ಬಿನವರು ಅಸಿಸ್ಟೆಂಟ್ ಮ್ಯಾನೇಜರ್, ಅಂದರೆ ತಂಡದ ಮುಖ್ಯ ಕೋಚ್‌ಗೆ ಸಹಾಯಕ, ಆಗು ಎಂದಿದ್ದಾರಂತೆ. ಅವನೋ ಎಲೆಕ್ಟ್ರಿಷಿಯನ್ ಕೆಲಸ ಬಿಟ್ಟು ಪೂರ್ತಿ ಕೋಚಿಂಗ್‌ಗೇ ಇಳಿಯುತ್ತೇನೆ ಎನ್ನುತ್ತಾನೆ. ನಮ್ಮ ಬಂಧುಗಳೆಲ್ಲ ‘ಫುಟ್‌ಬಾಲ್ ಆಟಗಾರ ಅಂದರೆ ಕೋಟಿಗಟ್ಟಲೆ ಇರುತ್ತದೆ, ನಿಮಗೇನು ಚಿಂತೆ’ ಅನ್ನುತ್ತಾರೆ. ಹೆಸರೇ ಇಲ್ಲದ ಆಟಗಾರನನ್ನು ಯಾರು ಕೋಚ್ ಮಾಡುತ್ತಾರೆ? ಮಗಳ ವೀಸಾಕ್ಕೆ ತೊಂದರೆ ಆಗುತ್ತದೆಯೇ? ತಲೆಯಿಂದ ಚೆಂಡು ಹೊಡೆದವರಿಗೆ ಮರೆವಿನ ಕಾಯಿಲೆ ಬರುತ್ತದೆ ಎಂದು ಓದಿದೆ, ನಿಜವೇ? ಕೊನೆಗೆ, ಅವನು ಬೆಂಗಳೂರಿಗೇ ಬಂದು ಕೋಚ್ ಆಗಬಹುದೇ?

ಉತ್ತರ: ನೀವು ಐದಾರು ಪ್ರಶ್ನೆ ಕೇಳಿದ್ದೀರಿ, ಆದರೆ ಅವುಗಳ ಹಿಂದಿರುವ ಭಯ ಒಂದೇ. ಕೈಯಲ್ಲಿರುವ ಕಸುಬು ಬಿಟ್ಟು ಅಳಿಯ ಗಾಳಿಯಲ್ಲಿ ಮನೆ ಕಟ್ಟಲು ಹೊರಟಿದ್ದಾನೆಯೇ, ಮಗಳು ಮೊಮ್ಮಗುವಿನ ಗತಿ ಏನು ಎಂಬುದು. ಆಟ ಮುಗಿಸುವ ವಯಸ್ಸಿಗೆ ಬಂದ ಆಟಗಾರರಿಗೆ ಮುಂದಿನ ಬದುಕಿನ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಸ್ಕಾಟ್ಲೆಂಡಿನ ಸಣ್ಣ ಕ್ಲಬ್ಬುಗಳ ಆಟಗಾರರೇ ಅವರಲ್ಲಿ ಹೆಚ್ಚು. ಆದ್ದರಿಂದ ನಿಮ್ಮ ಅಳಿಯನಂಥವರನ್ನು ನಾನು ಚೆನ್ನಾಗಿ ಬಲ್ಲೆ. ನಿಮ್ಮ ಭಯ ಅರ್ಧ ಸರಿ. ಕೋಚ್ ಆಗುವ ಆಸೆಯಲ್ಲಿ ತಪ್ಪಿಲ್ಲ, ಎಲೆಕ್ಟ್ರಿಷಿಯನ್ ಕೆಲಸವನ್ನು ಈಗಲೇ ಬಿಡುವುದರಲ್ಲಿ ತಪ್ಪಿದೆ.

ಮೊದಲು ಕೋಟಿಯ ಮಾತು. ಸ್ಕಾಟ್ಲೆಂಡಿನ ವೃತ್ತಿಪರ ಲೀಗ್‌ನಲ್ಲಿರುವುದು 42 ಕ್ಲಬ್ಬುಗಳು. ಮೇಲಿನ ಪ್ರೀಮಿಯರ್‌ಶಿಪ್‌ನಲ್ಲಿ 12, ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಎಂಬ ಮೂರು ಮೆಟ್ಟಿಲುಗಳಲ್ಲಿ ತಲಾ 10. ನಿಮ್ಮ ಬಂಧುಗಳು ಟಿವಿಯಲ್ಲಿ ನೋಡುವ ಸೆಲ್ಟಿಕ್, ರೇಂಜರ್ಸ್ ಮೇಲಿನ ಮೆಟ್ಟಿಲಿನವು. ನಿಮ್ಮ ಅಳಿಯ ಆಡುವುದು ನಾಲ್ಕನೇ ಮೆಟ್ಟಿಲಲ್ಲಿ. ಅಲ್ಲಿ ಹೆಚ್ಚುಕಡಿಮೆ ಎಲ್ಲರೂ ಪಾರ್ಟ್‌ಟೈಮ್. ಮಂಗಳವಾರ, ಗುರುವಾರ ಸಂಜೆ ಅಭ್ಯಾಸ, ಶನಿವಾರ ಪಂದ್ಯ. ಆಟದಿಂದ ವಾರಕ್ಕೆ ನೂರು, ಇನ್ನೂರು ಪೌಂಡಿನ ಆಸುಪಾಸು ಬಂದರೆ ಬಂತು. ಮನೆ ನಡೆಯುವುದು ಹಗಲಿನ ಕೆಲಸದಿಂದ. ಬಡಗಿ, ಪ್ಲಂಬರ್, ಪೋಸ್ಟ್‌ಮನ್, ಶಾಲಾ ಮೇಷ್ಟ್ರು, ಬ್ಯಾಂಕಿನವರು, ಎಲ್ಲ ತರಹದವರೂ ಒಂದೇ ಡ್ರೆಸಿಂಗ್ ರೂಮಿನಲ್ಲಿ ಸಿಗುತ್ತಾರೆ. ನಮ್ಮ ಬೆಂಗಳೂರಿನ ಐಟಿಐ, ಎಚ್‌ಎಎಲ್ ತಂಡಗಳ ಕಾಲ ನೆನಪಿರುವವರಿಗೆ ಇದು ಹೊಸದಲ್ಲ. ವ್ಯತ್ಯಾಸ ಒಂದಿದೆ. ನಮ್ಮಲ್ಲಿ ಆಟ ನೋಡಿ ನೌಕರಿ ಕೊಡುತ್ತಿದ್ದರು. ಅಲ್ಲಿ ಆಟಕ್ಕೂ ನೌಕರಿಗೂ ಸಂಬಂಧವಿಲ್ಲ, ಶನಿವಾರ ಗೋಲು ತಡೆದನೆಂದು ಸೋಮವಾರ ಯಾರೂ ತಡವಾಗಿ ಬರಲು ಬಿಡುವುದಿಲ್ಲ.

ನವೆಂಬರ್ ತಿಂಗಳ ಒಂದು ಮಂಗಳವಾರ ಹೇಗಿರುತ್ತದೆ ಹೇಳುತ್ತೇನೆ, ಅಳಿಯನ ಬದುಕು ನಿಮ್ಮ ಕಣ್ಣಿಗೆ ಕಟ್ಟಲಿ. ನಾಲ್ಕು ಗಂಟೆಗೆಲ್ಲ ಕತ್ತಲಾಗಿರುತ್ತದೆ. ಮೇಲೆ ಏಣಿ ಕಟ್ಟಿದ ವ್ಯಾನು ಮೈದಾನದ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಇಳಿದವನು ಅಲ್ಲೇ ಒಂಟಿ ಕಾಲಲ್ಲಿ ನಿಂತು ಕೆಲಸದ ಬೂಟು ಕಳಚಿ ಆಟದ ಬೂಟು ಹಾಕುತ್ತಾನೆ. ಡಬ್ಬಿಯಲ್ಲಿದ್ದ ಪಾಸ್ತಾ ಎರಡು ತುತ್ತಿಗೆ ಖಾಲಿ. ಆಲಿಕಲ್ಲಿನಂಥ ಮಳೆ ಅಡ್ಡಡ್ಡ ಹೊಡೆಯುತ್ತಿರುತ್ತದೆ. ಆ ಹೊತ್ತಿಗಾಗಲೇ ಅಸಿಸ್ಟೆಂಟ್ ಮ್ಯಾನೇಜರ್ ಕೃತಕ ಹುಲ್ಲಿನ ಮೇಲೆ ಕೋನುಗಳನ್ನು ಜೋಡಿಸಿರುತ್ತಾನೆ. ಅವನ ಕೈಯಲ್ಲಿರುವ ಕಾಗದ ನೋಡಿದರೆ ಒಂದು ಬದಿಯಲ್ಲಿ ಆ ದಿನ ಮುಗಿಸಿದ ವೈರಿಂಗ್ ಕೆಲಸದ ಪಟ್ಟಿ, ಇನ್ನೊಂದು ಬದಿಯಲ್ಲಿ ಇವತ್ತಿನ ಅಭ್ಯಾಸದ ನಕ್ಷೆ. 18 ಜನರಿಗೆಂದು ಬರೆದ ನಕ್ಷೆ. ಅಷ್ಟರಲ್ಲಿ ಫೋನು ಬರುತ್ತದೆ, ಒಬ್ಬನಿಗೆ ಓವರ್‌ಟೈಮ್ ಬಿದ್ದಿದೆ, ಇಬ್ಬರು ಹೆದ್ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಬಂದ 15 ಜನರಿಗೆ ಐದೇ ನಿಮಿಷದಲ್ಲಿ ಹೊಸ ನಕ್ಷೆ ಬರೆಯಬೇಕು. ಅಲ್ಲಿ ಕೋಚಿಂಗ್ ಅಂದರೆ ಇದು. ಇದರಲ್ಲಿ ಪಳಗಿದವನು ಎಲ್ಲಿ ಹೋದರೂ ಬದುಕುತ್ತಾನೆ ಎಂಬುದು ನನ್ನ ಗಟ್ಟಿ ನಂಬಿಕೆ.

ಹೆಸರಿಲ್ಲದವನನ್ನು ಯಾರು ಕೋಚ್ ಮಾಡುತ್ತಾರೆ ಎಂದು ಕೇಳಿದಿರಿ. ಸ್ಕಾಟ್ಲೆಂಡಿನ ಮಟ್ಟಿಗೆ ಈ ಪ್ರಶ್ನೆಗೆ ಇತಿಹಾಸವೇ ಉತ್ತರ ಕೊಡುತ್ತದೆ. ಸೆಲ್ಟಿಕ್ ತಂಡಕ್ಕೆ 1967ರಲ್ಲಿ ಯುರೋಪಿಯನ್ ಕಪ್ ಗೆದ್ದುಕೊಟ್ಟ ಜಾಕ್ ಸ್ಟೀನ್ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತ ಆಲ್ಬಿಯನ್ ರೋವರ್ಸ್ ಎಂಬ ಸಣ್ಣ ಕ್ಲಬ್ಬಿಗೆ ಆಡುತ್ತಿದ್ದವರು. ಡಂಡೀ ಯುನೈಟೆಡ್ ತಂಡವನ್ನು 1983ರಲ್ಲಿ ಲೀಗ್ ಚಾಂಪಿಯನ್ ಮಾಡಿದ ಜಿಮ್ ಮೆಕ್ಲೀನ್ ಕಸುಬಿನಿಂದ ಬಡಗಿ. ಕ್ರೇಗ್ ಬ್ರೌನ್ ಅವರ ಕಥೆ ನಿಮ್ಮಂಥ ಶಿಕ್ಷಕರಿಗೆ ಇಷ್ಟವಾಗಬಹುದು. ಮೊಣಕಾಲಿನ ಗಾಯದಿಂದ ಅವರ ಆಟ ಬೇಗ ನಿಂತುಹೋಯಿತು. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾದರು, ಆಮೇಲೆ ಏರ್ ಪಟ್ಟಣದ ಕಾಲೇಜೊಂದರಲ್ಲಿ ಶಿಕ್ಷಕರಾಗುವವರಿಗೆ ಪಾಠ ಹೇಳಿದರು. 1977ರಿಂದ ಒಂಬತ್ತು ವರ್ಷ ಕ್ಲೈಡ್ ಕ್ಲಬ್ಬಿಗೆ ಪಾರ್ಟ್‌ಟೈಮ್ ಮ್ಯಾನೇಜರ್. ಅದೇ ಮನುಷ್ಯ 1993ರಿಂದ 2001ರವರೆಗೆ ಸ್ಕಾಟ್ಲೆಂಡ್ ರಾಷ್ಟ್ರೀಯ ತಂಡದ ಮ್ಯಾನೇಜರ್ ಆಗಿದ್ದು, 1998ರ ವಿಶ್ವಕಪ್‌ಗೆ ತಂಡವನ್ನು ಕರೆದೊಯ್ದರು. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಆಂಡಿ ರಾಕ್ಸ್‌ಬರೋ ಕೂಡ ಸಣ್ಣ ಕ್ಲಬ್ಬುಗಳಿಗೆ ಆಡಿದ ಶಾಲಾ ಮೇಷ್ಟ್ರು.

ಇಷ್ಟು ಸಣ್ಣ ದೇಶ ಇಷ್ಟು ಕೋಚ್‌ಗಳನ್ನು ಕೊಟ್ಟಿದ್ದರ ಹಿಂದೆ ಕಾರಣಗಳಿವೆ. ಎಲೆಕ್ಟ್ರಿಷಿಯನ್ ಜೊತೆ, ಮೇಷ್ಟ್ರ ಜೊತೆ, 19ರ ಹುಡುಗನ ಜೊತೆ, 36ರ ಸಂಸಾರಿಯ ಜೊತೆ ಒಟ್ಟಿಗೆ ಕೆಲಸ ತೆಗೆಯುವುದನ್ನು ಕೆಳ ಲೀಗ್ ಕಲಿಸುತ್ತದೆ. ದುಡ್ಡು ಕೊಟ್ಟು ಒಳ್ಳೆಯ ಆಟಗಾರನನ್ನು ತರಲಾಗದ ಕಡೆ ಇರುವವನನ್ನೇ ಚೆನ್ನಾಗಿ ಆಡಿಸಬೇಕು. ಇನ್ನೊಂದು ಕಾರಣ ಲಾರ್ಗ್ಸ್. ಗ್ಲಾಸ್ಗೋದ ಪಶ್ಚಿಮಕ್ಕೆ ಸಮುದ್ರದ ದಂಡೆಯಲ್ಲಿರುವ ಈ ಊರಿನ ಕ್ರೀಡಾ ಕೇಂದ್ರದಲ್ಲಿ ಸ್ಕಾಟಿಷ್ ಫುಟ್‌ಬಾಲ್ ಸಂಸ್ಥೆ ದಶಕಗಳ ಕಾಲ ಕೋಚ್‌ಗಳಿಗೆ ಕೋರ್ಸ್ ನಡೆಸಿತು. ಪೋರ್ಚುಗಲ್‌ನ ಹೆಸರಾಂತ ಕೋಚ್‌ಗಳಾದ ಜೋಸ್ ಮೌರಿನ್ಯೊ, ಆಂದ್ರೆ ವಿಲಾಸ್ ಬೋಆಸ್ ಇಬ್ಬರೂ ಅಲ್ಲಿ ಬಂದು ಕಲಿತವರು. ಇಬ್ಬರೂ ಆಟಗಾರರಾಗಿ ಹೆಸರು ಮಾಡಿದವರಲ್ಲ.

ಆದರೆ ಈ ಹೆಸರುಗಳನ್ನು ಕೇಳಿ ಸಮಾಧಾನಪಟ್ಟುಕೊಳ್ಳಿ ಎಂದು ನಾನು ಹೇಳುವುದಿಲ್ಲ. ಗೆದ್ದವರ ಹೆಸರು ಮಾತ್ರ ನಮಗೆ ಗೊತ್ತಿರುತ್ತದೆ. ಅಳಿಯನ ಬಾಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಹೆಸರಾಂತ ಮ್ಯಾನೇಜರ್ ಆಗಿದ್ದ ಅಲೆಕ್ಸ್ ಫರ್ಗುಸನ್ ಹೆಸರು ಖಂಡಿತ ಬಂದಿರುತ್ತದೆ, ಕೋಚ್ ಆಗಹೊರಟ ಪ್ರತಿಯೊಬ್ಬನೂ ಆ ಉದಾಹರಣೆ ಕೊಡುತ್ತಾನೆ. ಹಾಗಾದರೆ ಆ ಉದಾಹರಣೆಯನ್ನು ಪೂರ್ತಿ ನೋಡೋಣ. ಗ್ಲಾಸ್ಗೋದ ಗೋವನ್‌ನ ಈ ಹುಡುಗ ಟೂಲ್‌ಮೇಕರ್ ಕೆಲಸ ಕಲಿಯುತ್ತಲೇ ಕ್ವೀನ್ಸ್ ಪಾರ್ಕ್‌ಗೆ, ಸೇಂಟ್ ಜಾನ್‌ಸ್ಟನ್‌ಗೆ ಆಡಿದ. 1974ರಲ್ಲಿ, 32ನೇ ವಯಸ್ಸಿಗೆ, ಈಸ್ಟ್ ಸ್ಟರ್ಲಿಂಗ್‌ಶೈರ್ ಕ್ಲಬ್ಬಿಗೆ ಪಾರ್ಟ್‌ಟೈಮ್ ಮ್ಯಾನೇಜರ್ ಆದ. ಸಂಬಳ ವಾರಕ್ಕೆ 40 ಪೌಂಡ್. ಕೆಲವೇ ತಿಂಗಳಲ್ಲಿ ಸೇಂಟ್ ಮಿರೆನ್‌ಗೆ ಹೋದ. ಆ ವರ್ಷಗಳಲ್ಲಿ ಗ್ಲಾಸ್ಗೋದಲ್ಲಿ ಪಬ್ ನಡೆಸುತ್ತಿದ್ದ, ಅಂದರೆ ಮನೆಗೆ ಬೇರೆ ಆದಾಯವಿತ್ತು. 1978ರಲ್ಲಿ ಸೇಂಟ್ ಮಿರೆನ್ ಅವನನ್ನು ಕೆಲಸದಿಂದ ತೆಗೆಯಿತು. ಅನ್ಯಾಯವೆಂದು ಕಾರ್ಮಿಕ ನ್ಯಾಯಮಂಡಳಿಗೆ ಹೋದ, ಅಲ್ಲೂ ಸೋತ. ಅಷ್ಟರಲ್ಲಿ ಅಬರ್ಡೀನ್ ಕ್ಲಬ್ಬು ಕರೆದಿತ್ತು, ಬದುಕಿಕೊಂಡ. ಫರ್ಗುಸನ್‌ನಂತೆ ಆಗಬೇಕು ಎನ್ನುವವನು ಆ ಪಬ್ಬನ್ನೂ ಆ ನ್ಯಾಯಮಂಡಳಿಯನ್ನೂ ಮರೆಯಬಾರದು.

ನನ್ನ ದೃಷ್ಟಿಯಲ್ಲಿ ಅಳಿಯನಿಗೆ ಹೆಚ್ಚು ಹತ್ತಿರದ ಉದಾಹರಣೆ ಆಂಗಸ್‌ನಲ್ಲೇ ಇದೆ. ಆರ್ಬ್ರೋತ್ ಎಂಬ ಕ್ಲಬ್ಬಿನ ಮೈದಾನ ಸಮುದ್ರಕ್ಕೆ ಎಷ್ಟು ಹತ್ತಿರವೆಂದರೆ ಗಾಳಿ ಜೋರಾದ ದಿನ ಅಲೆಯ ನೀರು ಗೋಡೆ ದಾಟಿ ಒಳಗೆ ಸಿಡಿಯುತ್ತದೆ. 2016ರಲ್ಲಿ ಡಿಕ್ ಕ್ಯಾಂಪ್‌ಬೆಲ್ ಅಲ್ಲಿ ಮ್ಯಾನೇಜರ್ ಆದಾಗ ಕ್ಲಬ್ಬು ಲೀಗ್ ಟೂನಲ್ಲಿತ್ತು. 2017ರಲ್ಲಿ ಲೀಗ್ ಟೂ ಗೆದ್ದರು, 2019ರಲ್ಲಿ ಲೀಗ್ ಒನ್ ಗೆದ್ದರು. 2021-22ರಲ್ಲಿ ಪೂರ್ಣಾವಧಿ ಆಟಗಾರರ ತಂಡಗಳ ನಡುವೆ ಈ ಪಾರ್ಟ್‌ಟೈಮ್ ತಂಡ ಚಾಂಪಿಯನ್‌ಶಿಪ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು. ಗೆದ್ದ ಕಿಲ್ಮಾರ್ನಕ್‌ಗೂ ಇವರಿಗೂ ಇದ್ದ ಅಂತರ ಎರಡೇ ಅಂಕ. ಆ ತಂಡದಲ್ಲಿ ಬೆಳಗ್ಗೆ ಕಸ ಸಂಗ್ರಹಿಸುವ ಕೆಲಸ ಮಾಡಿ ಶನಿವಾರ ಆಡಲು ಬರುತ್ತಿದ್ದ ಆಟಗಾರನೂ ಇದ್ದ. ಆ ತಂಡದ ವಿಷಯ ಬರೆಯುವಾಗ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಹಗಲಿನ ಕೆಲಸ ಇಟ್ಟುಕೊಂಡೇ ಅಷ್ಟು ದೂರ ಹೋಗಬಹುದು ಎಂಬುದನ್ನು ಅಳಿಯ ತನ್ನ ಜಿಲ್ಲೆಯಲ್ಲೇ ಕಂಡಿದ್ದಾನೆ.

ಇನ್ನು ಅವನ ಮುಂದಿರುವ ದಾರಿಗಳು.

ಅವನು ಹೇಳುವಂತೆ ಎಲೆಕ್ಟ್ರಿಷಿಯನ್ ಕೆಲಸ ಬಿಟ್ಟು ಬರೀ ಅಸಿಸ್ಟೆಂಟ್ ಆಗುವುದು ಮೊದಲನೆಯದು. ಇದು ಬೇಡ. ಲೀಗ್ ಟೂ ಕ್ಲಬ್ಬು ಅಸಿಸ್ಟೆಂಟ್‌ಗೆ ಕೊಡುವುದು ಸಂಸಾರ ಸಾಗಿಸುವ ಸಂಬಳ ಅಲ್ಲ. ಅದಕ್ಕಿಂತ ದೊಡ್ಡ ಅಪಾಯ, ಅಸಿಸ್ಟೆಂಟ್‌ನ ಕುರ್ಚಿ ಮ್ಯಾನೇಜರ್‌ನ ಕುರ್ಚಿಗೆ ಕಟ್ಟಿಕೊಂಡಿರುತ್ತದೆ. ಸತತ ಐದಾರು ಪಂದ್ಯ ಸೋತು ಮ್ಯಾನೇಜರ್ ಹೋದರೆ ಸಾಮಾನ್ಯವಾಗಿ ಅಸಿಸ್ಟೆಂಟ್ ಕೂಡ ಅದೇ ವಾರ ಹೋಗುತ್ತಾನೆ, ಅವನ ಕೆಲಸ ಎಷ್ಟೇ ಚೆನ್ನಾಗಿರಲಿ. ಲೀಗ್ ಟೂಗೆ ಇನ್ನೊಂದು ಭಯವೂ ಇದೆ. 2015ರಿಂದ ಕೊನೆಯ ಸ್ಥಾನದ ಕ್ಲಬ್ಬು ಕೆಳಗಿನ ಪ್ರಾದೇಶಿಕ ಲೀಗ್‌ಗಳ ವಿಜೇತರೊಂದಿಗೆ ಪ್ಲೇ-ಆಫ್ ಆಡಬೇಕು, ಸೋತರೆ ಲೀಗ್‌ನಿಂದಲೇ ಹೊರಗೆ. ಫರ್ಗುಸನ್ ಆರಂಭಿಸಿದ ಈಸ್ಟ್ ಸ್ಟರ್ಲಿಂಗ್‌ಶೈರ್ 2016ರಲ್ಲಿ, ಜಾಕ್ ಸ್ಟೀನ್ ಆಡಿದ ಆಲ್ಬಿಯನ್ ರೋವರ್ಸ್ 2023ರಲ್ಲಿ ಹೀಗೆಯೇ ಲೀಗ್‌ನಿಂದ ಹೊರಬಿದ್ದವು. ಹಾಗೆ ಬಿದ್ದ ಕ್ಲಬ್ಬಿನ ಬಜೆಟ್ಟು ಕುಗ್ಗುತ್ತದೆ, ಕತ್ತರಿ ಮೊದಲು ಬೀಳುವುದು ಕೋಚ್‌ಗಳ ಮೇಲೆ.

ಎರಡನೆಯದು, ಕ್ಲಬ್ಬಿನ ಮಾತಿಗೆ ಒಪ್ಪಿಕೊಳ್ಳುವುದು, ಹಗಲಿನ ಕೆಲಸವನ್ನೂ ಇಟ್ಟುಕೊಳ್ಳುವುದು. ಸಾಧ್ಯವಾದರೆ ಕಂಪನಿಯವರನ್ನು ಕೇಳಿ ವಾರಕ್ಕೆ ನಾಲ್ಕು ದಿನ ಮಾಡಿಕೊಳ್ಳಬಹುದು. ನಾನು ಹೇಳುವುದು ಇದನ್ನೇ. ಇದರಲ್ಲೂ ಕಷ್ಟವಿದೆ. ಆಟಗಾರನಾಗಿದ್ದಾಗ ಎರಡು ಸಂಜೆ ಒಂದು ಶನಿವಾರ ಕೊಟ್ಟರೆ ಸಾಕಿತ್ತು. ಅಸಿಸ್ಟೆಂಟ್ ಆದ ಮೇಲೆ ಎದುರಾಳಿಯ ಆಟ ನೋಡಲು ಇನ್ನೊಂದು ಸಂಜೆ, ವಿಡಿಯೊ ಕತ್ತರಿಸಲು ಭಾನುವಾರ, ಇವುಗಳ ನಡುವೆ ಹೊತ್ತು ಗೊತ್ತಿಲ್ಲದ ಫೋನುಗಳು. ಎದುರಾಳಿ ಕ್ಲಬ್ಬುಗಳ ಊರುಗಳಲ್ಲಿ ಎಲ್ಗಿನ್ ಉತ್ತರದಲ್ಲಿದೆ, ಸ್ಟ್ರಾನ್‌ರಾರ್ ನೈಋತ್ಯದ ತುದಿಗೆ. ದೂರದ ಪಂದ್ಯವಿದ್ದರೆ ಬೆಳಗ್ಗೆ ಬಸ್ಸು ಹತ್ತಿದವನು ಮನೆ ಸೇರುವಾಗ ಮಗು ಮಲಗಿರುತ್ತದೆ. ನಿನ್ನೆಯವರೆಗೆ ಪಕ್ಕದಲ್ಲಿ ಕೂತು ಹರಟುತ್ತಿದ್ದ ಗೆಳೆಯನಿಗೆ ‘ಈ ವಾರ ನೀನು ಆಡುವುದಿಲ್ಲ’ ಎಂದು ಹೇಳುವ ಕೆಲಸವೂ ಅವನದೇ.

ನೀವು ಕೇಳದ ಒಂದು ವಿಷಯವನ್ನು ನಾನೇ ಹೇಳಬೇಕು. ಈ ದಾರಿಯ ಬೆಲೆಯನ್ನು ದಿನವೂ ತೆರುವವಳು ನಿಮ್ಮ ಮಗಳು. ಆಸ್ಪತ್ರೆಯ ಪಾಳಿಗೆ ಅವಳು ವಾಪಸು ಹೋದ ಮೇಲೆ ಮಂಗಳವಾರ, ಗುರುವಾರದ ಸಂಜೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಸಣ್ಣ ಮಗುವಿದ್ದೂ ಈ ಕೆಲಸದಲ್ಲಿ ಉಳಿದುಕೊಂಡವರನ್ನು ನಾನು ಕಂಡಿದ್ದೇನೆ, ಅವರೆಲ್ಲರ ಮನೆಯಲ್ಲೂ ಈ ಪ್ರಶ್ನೆ ಮೊದಲೇ ಇತ್ಯರ್ಥವಾಗಿತ್ತು. ಅಳಿಯನಿಗೆ ಬುದ್ಧಿ ಹೇಳುವ ಮೊದಲು ಮಗಳನ್ನು ಒಬ್ಬಳೇ ಇದ್ದಾಗ ಕೇಳಿ, ಅವಳಿಗೆ ನಿಜವಾಗಿ ಏನು ಬೇಕು ಎಂದು. ಅವಳು ಬೇಡವೆಂದರೆ ನನ್ನ ಸಲಹೆಯೂ ಬೇಡ ಎಂದೇ.

ಮೂರನೆಯದು, ಹಲವರ ಗಮನಕ್ಕೆ ಬಾರದ ದಾರಿ. ಪೂರ್ಣಾವಧಿ ಕೋಚಿಂಗ್ ಕೆಲಸ ಎಂದರೆ ತಂಡದ ಮ್ಯಾನೇಜರ್ ಆಗುವುದೊಂದೇ ಅಲ್ಲ. ದೊಡ್ಡ ಕ್ಲಬ್ಬುಗಳ ಅಕಾಡೆಮಿಗಳಿವೆ, ಕ್ಲಬ್ಬುಗಳ ಸಮುದಾಯ ಟ್ರಸ್ಟ್‌ಗಳಿವೆ, ಶಾಲೆಗಳಲ್ಲಿ ಫುಟ್‌ಬಾಲ್ ಕಲಿಸುವ ಹುದ್ದೆಗಳಿವೆ. ತಿಂಗಳ ಸಂಬಳ, ರಜೆ, ಪಿಂಚಣಿ ಇರುತ್ತದೆ. ನುರಿತ ಎಲೆಕ್ಟ್ರಿಷಿಯನ್ ದುಡಿಯುವಷ್ಟು ಬಹುಶಃ ಬರುವುದಿಲ್ಲ, ಆದರೆ ಶನಿವಾರದ ಸೋಲಿಗೆ ಯಾರೂ ಕೆಲಸ ಕಿತ್ತುಕೊಳ್ಳುವುದಿಲ್ಲ. ಮಕ್ಕಳ ಜೊತೆ ಅವನಿಗೆ ಹೊಂದುತ್ತದೆ ಅನ್ನಿಸಿದರೆ ಇದನ್ನು ಗಂಭೀರವಾಗಿ ನೋಡಲಿ. ಮಕ್ಕಳೊಂದಿಗೆ ಕೆಲಸ ಮಾಡಲು ಪಿವಿಜಿ ಎಂಬ ಹಿನ್ನೆಲೆ ತಪಾಸಣೆಯ ಸದಸ್ಯತ್ವ ಬೇಕು, 2025ರ ಏಪ್ರಿಲ್‌ನಿಂದ ಅದು ಕಾನೂನಿನಲ್ಲೇ ಕಡ್ಡಾಯ.

ಯಾವ ದಾರಿಯಾದರೂ ಲೈಸೆನ್ಸ್ ಬೇಕೇ ಬೇಕು. ಯುರೋಪಿನ ಫುಟ್‌ಬಾಲ್ ಒಕ್ಕೂಟದ ಕ್ರಮದಲ್ಲಿ ಸಿ, ಬಿ, ಎ, ಕೊನೆಗೆ ಪ್ರೊ. ವೃತ್ತಿಪರ ಆಟಗಾರನಾಗಿದ್ದವನಿಗೆ ಬಿ ತನಕ ಹೆಚ್ಚು ಕಷ್ಟವಿಲ್ಲ, ದುಡಿಮೆಯ ಜೊತೆಗೇ ಮುಗಿಸಬಹುದು. ಮುಂದಿನವು ದುಬಾರಿ, ದೀರ್ಘ, ಪ್ರೊಗೆ ಅರ್ಜಿ ಹಾಕಿದವರಿಗೆಲ್ಲ ಸೀಟು ಸಿಗುವುದಿಲ್ಲ. ಪಡೆದ ಲೈಸೆನ್ಸ್ ಮೂರು ವರ್ಷಕ್ಕೊಮ್ಮೆ ನವೀಕರಣ ಆಗಬೇಕು, ನಡುವೆ ಹೆಚ್ಚುವರಿ ತರಗತಿಗಳಿಗೆ ಹೋಗಿರಬೇಕು. ಸರ್ಟಿಫಿಕೇಟ್ ಸಿಕ್ಕಿತೆಂದರೆ ಕೆಲಸ ಸಿಕ್ಕಿತು ಎಂದುಕೊಳ್ಳುವುದು ತಪ್ಪು ಕಲ್ಪನೆ. ಆಟಗಾರರ ಸಂಘವಾದ ಪಿಎಫ್‌ಎ ಸ್ಕಾಟ್ಲೆಂಡ್‌ನಲ್ಲಿ ಅವನು ಸದಸ್ಯನಾಗಿದ್ದರೆ ಆಡುತ್ತಿರುವಾಗಲೇ ಹೋಗಿ ಕೇಳಲಿ, ಕೋರ್ಸಿನ ವಿಷಯಕ್ಕೂ ಕರಾರಿನ ವಿಷಯಕ್ಕೂ. ಇದರ ಜೊತೆಗೆ ಎಲೆಕ್ಟ್ರಿಷಿಯನ್ನರ ಅರ್ಹತೆ ತೋರಿಸುವ ಇಸಿಎಸ್ ಕಾರ್ಡ್ ಅವಧಿ ಮೀರಲು ಬಿಡಬಾರದು, ವೈರಿಂಗ್ ನಿಯಮಗಳು ಬದಲಾದಂತೆ ತಾನೂ ಓದಿಕೊಳ್ಳುತ್ತಿರಬೇಕು. ನಾಲ್ಕು ವರ್ಷ ಬಿಟ್ಟು ಹೋದವನು ವಾಪಸು ಬಂದಾಗ ಸೈಟಿನ ಗೇಟಿನಲ್ಲೇ ನಿಲ್ಲಿಸುತ್ತಾರೆ.

ವೀಸಾ ವಿಷಯ. ನಾನು ವಲಸೆ ಕಾನೂನಿನ ವಕೀಲನಲ್ಲ, ಆದರೆ ಈ ಪ್ರಶ್ನೆ ನನ್ನ ಮೇಜಿಗೆ ಆಗಾಗ ಬರುತ್ತದೆ. ಮಗಳು ಸಂಗಾತಿ ವೀಸಾದ ಮೇಲಿದ್ದರೆ ನವೀಕರಣಕ್ಕೆ ಕನಿಷ್ಠ ಆದಾಯ ತೋರಿಸಬೇಕು. 2024ರ ಏಪ್ರಿಲ್ 11ರಿಂದ ಈ ಮಿತಿ ವರ್ಷಕ್ಕೆ 29,000 ಪೌಂಡ್. ಅದಕ್ಕೂ ಮೊದಲೇ ಈ ಗಂಡನ ಸಂಗಾತಿಯಾಗಿ ವೀಸಾಕ್ಕೆ ಅರ್ಜಿ ಹಾಕಿದ್ದವರ ನವೀಕರಣಕ್ಕೆ ಹಳೆಯ 18,600 ಪೌಂಡ್ ಮಿತಿಯೇ ನಡೆಯುತ್ತದೆ. ಅವಳು ಅಲ್ಲಿ ಕೆಲಸದ ಹಕ್ಕಿನೊಂದಿಗೆ ಇರುವುದರಿಂದ ಅವಳ ಸಂಬಳವೂ ಲೆಕ್ಕಕ್ಕೆ ಬರುತ್ತದೆ. ಇದು ದೊಡ್ಡ ಆಧಾರ. ಆದರೆ ಹೆರಿಗೆ ರಜೆಯ ಸಂಬಳವನ್ನು ಹೇಗೆ ತೋರಿಸಬೇಕು ಎಂಬುದನ್ನು ನೋಂದಾಯಿತ ವಲಸೆ ಸಲಹೆಗಾರರಿಂದ ಮೊದಲೇ ತಿಳಿದುಕೊಳ್ಳಬೇಕು. ಎಡವುವ ಜಾಗ ಇನ್ನೊಂದಿದೆ. ಒಂದೇ ಕಡೆ ಆರು ತಿಂಗಳು ಸಂಬಳ ಪಡೆದ ದಾಖಲೆಯಿದ್ದರೆ ಕಾಗದಪತ್ರ ಸುಲಭ. ಅರ್ಜಿಯ ಮುಂಚಿನ ಆರು ತಿಂಗಳಲ್ಲಿ ಅಳಿಯ ಕೆಲಸ ಬದಲಿಸಿದರೆ ಅಥವಾ ಸ್ವಂತ ಉದ್ಯೋಗಕ್ಕೆ ಇಳಿದರೆ, ಅವನ ಆದಾಯದ ಲೆಕ್ಕದ ರೀತಿಯೇ ಬದಲಾಗುತ್ತದೆ, ಹೆಚ್ಚು ಹಿಂದಿನ ದಾಖಲೆ ಕೇಳುತ್ತಾರೆ. ನವೀಕರಣದ ದಿನಾಂಕ ನೋಡಿ, ಅದು ಮುಗಿಯುವವರೆಗೆ ಅವನ ಕೆಲಸದಲ್ಲಿ ಯಾವ ಬದಲಾವಣೆಯೂ ಬೇಡ.

ಮರೆವಿನ ಕಾಯಿಲೆಯ ಬಗ್ಗೆ ನೀವು ಓದಿದ್ದು ಸುಳ್ಳಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು 7,676 ಮಾಜಿ ವೃತ್ತಿಪರ ಆಟಗಾರರ ದಾಖಲೆಗಳನ್ನು ಸುಮಾರು 23,000 ಸಾಮಾನ್ಯ ಜನರ ದಾಖಲೆಗಳೊಂದಿಗೆ ಹೋಲಿಸಿ 2019ರಲ್ಲಿ ಪ್ರಕಟಿಸಿದರು. ಮಿದುಳು ಸವೆಯುವ ಕಾಯಿಲೆಗಳಿಂದ ಸಾಯುವ ಸಂಭವ ಆಟಗಾರರಲ್ಲಿ ಸುಮಾರು ಮೂರೂವರೆ ಪಟ್ಟು ಹೆಚ್ಚಿತ್ತು. ಅದೇ ತಂಡದ ಮುಂದಿನ ವರದಿಯಲ್ಲಿ ಡಿಫೆಂಡರ್‌ಗಳಿಗೆ ಅಪಾಯ ಎಲ್ಲರಿಗಿಂತ ಹೆಚ್ಚು ಎಂದು ಕಂಡಿತು, ಗೋಲ್‌ಕೀಪರ್‌ಗಳಲ್ಲಿ ಅಂಥ ಏರಿಕೆ ಕಾಣಲಿಲ್ಲ. ಆದರೆ ತಲೆಯಿಂದ ಚೆಂಡು ಹೊಡೆದವರಿಗೆಲ್ಲ ಕಾಯಿಲೆ ಬರುತ್ತದೆ ಎಂದು ಇದರ ಅರ್ಥವಲ್ಲ. ಅದೇ ಅಧ್ಯಯನದಲ್ಲಿ ಹೃದ್ರೋಗದಿಂದ, ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತ ಆಟಗಾರರು ಸಾಮಾನ್ಯರಿಗಿಂತ ಕಡಿಮೆ. ಈ ವರದಿಯ ನಂತರ ಸ್ಕಾಟ್ಲೆಂಡ್ ಸುಮ್ಮನೆ ಕೂರಲಿಲ್ಲ. 2020ರಲ್ಲಿ ಚಿಕ್ಕ ಮಕ್ಕಳ ಅಭ್ಯಾಸದಲ್ಲಿ ಹೆಡಿಂಗ್ ನಿಲ್ಲಿಸಿತು, 2022ರಲ್ಲಿ ವೃತ್ತಿಪರ ತಂಡಗಳಿಗೂ ಪಂದ್ಯದ ಹಿಂದಿನ ದಿನ ಮತ್ತು ಮರುದಿನ ಹೆಡಿಂಗ್ ಅಭ್ಯಾಸ ಬೇಡ ಎಂದಿತು. ಅಳಿಯ ಡಿಫೆಂಡರ್, ಹತ್ತಾರು ವರ್ಷ ಆಡಿದ್ದಾನೆ. ಅಸಿಸ್ಟೆಂಟ್ ಆದ ಮೇಲೂ ‘ಬೇಕಾದರೆ ಆಡುತ್ತೇನೆ’ ಎನ್ನುತ್ತಿದ್ದರೆ, ಆ ಮೊಣಕಾಲು ಮತ್ತು ಈ ವರದಿ ಎರಡನ್ನೂ ನೋಡಿ ಬೂಟು ಕಳಚಿಡುವುದೇ ಒಳ್ಳೆಯದು ಎಂದು ನಾನು ಹೇಳುತ್ತೇನೆ. ಆಟದ ವೇಳೆ ತಲೆಗೆ ಪೆಟ್ಟು ಬಿದ್ದಿದ್ದು, ಈಗ ತಲೆನೋವು, ಮರೆವು, ಸಿಟ್ಟು ಜಾಸ್ತಿಯಾಗಿದ್ದರೆ ವೈದ್ಯರಿಗೆ ತೋರಿಸಲಿ.

ಬೆಂಗಳೂರಿನ ಆಸೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಡಂಬಾರ್ಟನ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಆಟ ಶುರುಮಾಡಿದ ಓವನ್ ಕಾಯ್ಲ್ ನಮ್ಮ ದೇಶಕ್ಕೆ ಬಂದು ಚೆನ್ನೈಯಿನ್ ತಂಡವನ್ನು 2020ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ಗೆ ಕೊಂಡೊಯ್ದರು, 2022ರಲ್ಲಿ ಜಮ್‌ಶೆಡ್‌ಪುರಕ್ಕೆ ಲೀಗ್ ಶೀಲ್ಡ್ ಗೆದ್ದುಕೊಟ್ಟರು. ಆದರೆ ಅವರು ಬಂದದ್ದು ಬರ್ನ್‌ಲಿಯನ್ನು ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ಗೆ ಏರಿಸಿದ ಮೇಲೆ, ಹತ್ತು ಹದಿನೈದು ವರ್ಷದ ಮ್ಯಾನೇಜರ್ ಅನುಭವದೊಂದಿಗೆ. ನಮ್ಮ ಲೀಗ್‌ನ ಸ್ಥಿತಿಯೂ ಭದ್ರವಿಲ್ಲ. 2025ರ ಜುಲೈನಲ್ಲಿ ಐಎಸ್‌ಎಲ್ ಅನ್ನೇ ತಡೆಹಿಡಿದರು, ಬೆಂಗಳೂರು ಎಫ್‌ಸಿ ಸೇರಿದಂತೆ ಕೆಲವು ಕ್ಲಬ್ಬುಗಳು ಆಗ ಸಂಬಳ ನಿಲ್ಲಿಸಿದವು. ಅಳಿಯ ಎ ಲೈಸೆನ್ಸ್ ಮುಗಿಸಿದ ಮೇಲೆ ಈ ಮಾತು ಮತ್ತೆ ಎತ್ತೋಣ.

ಈಗ ಮಾಡಬೇಕಾದ್ದು ಇಷ್ಟು. ಕ್ಲಬ್ಬು ಬಾಯಿಮಾತಿನಲ್ಲಿ ಹೇಳಿದ್ದನ್ನು ಬರಹದಲ್ಲಿ ಕೊಡಲಿ. ಎಷ್ಟು ವರ್ಷದ ಕರಾರು, ಬೇಸಿಗೆಯ ರಜೆಯ ತಿಂಗಳಿಗೆ ಸಂಬಳ ಉಂಟೋ ಇಲ್ಲವೋ, ಮ್ಯಾನೇಜರ್ ಹೋದರೆ ತನ್ನ ಗತಿ ಏನು, ಲೈಸೆನ್ಸ್ ಕೋರ್ಸಿನ ಶುಲ್ಕ ಯಾರು ಕೊಡುತ್ತಾರೆ, ಅಭ್ಯಾಸಕ್ಕೆ ಓಡಾಡುವ ಪೆಟ್ರೋಲ್ ಖರ್ಚು ಯಾರದು, ಈ ಐದು ವಿಷಯ ಅದರಲ್ಲಿರಬೇಕು. ಲೀಗ್ ಏಪ್ರಿಲ್ ಕೊನೆ, ಮೇ ಮೊದಲ ವಾರದೊಳಗೆ ಮುಗಿಯುತ್ತದೆ, ಹೊಸ ತಂಡದ ಅಭ್ಯಾಸ ಜೂನ್‌ನಲ್ಲಿ ಶುರು. ನಡುವೆ ಸಿಗುವ ಆ ಕೆಲವು ವಾರಗಳಲ್ಲಿ ಕಾಗದ ಕೈಗೆ ಬಂದರೆ, ಸಹಿ ಹಾಕುವ ಮೊದಲು ಸಂಘದವರಿಗೊಮ್ಮೆ ತೋರಿಸಲಿ. ನನಗೂ ಕಳಿಸಿ, ಓದಿ ಹೇಳುತ್ತೇನೆ.